ಹಾಡಿಯ ಸಾವಿಗೆ ಸರಿಯಾದ ವಯಸ್ಸು ಬರೆಯಿರಿ: ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಪರಿಶಿಷ್ಟ ವರ್ಗಗಳ ಕಲ್ಯಾಣ ಸಚಿವರಿಗೆ,

ಮಾನ್ಯರೇ,

2016ರ ಮಳೆಗಾಲದಲ್ಲಿ ಕಬಿನಿ ಹಿನ್ನೀರಿನ ಸೀಮೆಯ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ವಸತಿಯಲ್ಲಿ, ಜೇನುಕುರುಬರ ಯಜಮಾನರೊಬ್ಬರು ತೀರಿಕೊಂಡರು. ಕ್ಷಯ ಅವರನ್ನು ಎರಡನೆಯ ಸಲ ಹಿಡಿದಿತ್ತು. ಕೊನೆಯ ಸಲ ನನ್ನ ತಕ್ಕಡಿಯ ಮೇಲೆ ನಿಂತಾಗ ಮುಳ್ಳು 36 ಕಿಲೋ ದಾಟಲಿಲ್ಲ. ಮರಣ ನೋಂದಣಿಗೆ ಅವರ ಮಗನ ಜೊತೆ ನಾನೂ ಹೋಗಿದ್ದೆ. ವಯಸ್ಸು ಎಷ್ಟು ಎಂಬ ಪ್ರಶ್ನೆಗೆ ಮಗ ನನ್ನ ಮುಖ ನೋಡಿದ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1951ರ ಜನವರಿ 1 ಎಂದಿತ್ತು. ಹಾಡಿಗಳಲ್ಲಿ ಎಷ್ಟೋ ಜನ ಹುಟ್ಟಿರುವುದು ಜನವರಿ 1ರಂದೇ. ಕಾರ್ಡು ಮಾಡಿಸುವ ದಿನ ಕಂಪ್ಯೂಟರ್ ಮುಂದೆ ಕುಳಿತವರು ಮುಖ ನೋಡಿ ಅಂದಾಜು ಮಾಡಿ ಒಂದು ಇಸವಿ ಹಾಕಿದರೆ ಹಾಗೆ ಆಗುತ್ತದೆ. ರಿಜಿಸ್ಟರಿನಲ್ಲಿ 65 ಎಂದು ಬರೆದುಕೊಂಡರು.

ಆ ಯಜಮಾನರೊಡನೆ ನಾನು ಹತ್ತಾರು ಸಲ ಕುಳಿತು ಮಾತನಾಡಿದ್ದೆ. ಕಪಿಲೆಯ, ಅಂದರೆ ಕಬಿನಿ ಹೊಳೆಯ, ನೀರು ಏರಿ ಬಂದು ಅವರ ಹಳೆಯ ಜಾಗ ಮುಳುಗಿದಾಗ ಅವರು ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ದಿಣ್ಣೆ ಹತ್ತಿದ್ದರಂತೆ. 'ಇಷ್ಟುದ್ದ ಇದ್ದೆ' ಎಂದು ತಮ್ಮ ಎದೆಗಿಂತ ಕೆಳಗೆ ಕೈ ಹಿಡಿದು ತೋರಿಸುತ್ತಿದ್ದರು. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಆಗ ಅವರಿಗೆ 10 ಎಂದು ಹಿಡಿದರೂ ಸಾಯುವಾಗ 52. ನಾನು ಇದನ್ನು ಹೇಳಿದೆ. ರಿಜಿಸ್ಟರ್ ಮುಂದಿದ್ದವರು ಸಿಡುಕಲಿಲ್ಲ, ಒರಟಾಗಿ ಮಾತನಾಡಲಿಲ್ಲ. 'ಕಾರ್ಡಿನಲ್ಲಿ ಇದ್ದದ್ದನ್ನೇ ಬರೆಯಬೇಕಮ್ಮ' ಎಂದರು. ಅವರ ನಿಯಮ ಅವರದು.

ಆದರೆ ಅಲ್ಲಿ ಆದದ್ದೇನು ಎಂಬುದನ್ನು ನೀವು ಯೋಚಿಸಬೇಕು. ಅರೆಹೊಟ್ಟೆ, ಹೊಗೆ, ಕೆಮ್ಮು, ಕೂಲಿ ಸೇರಿ 52ರ ಮನುಷ್ಯನನ್ನು 65ರವನಂತೆ ಮಾಡಿದವು. ಹಾಗೆ ಕಂಡದ್ದರಿಂದಲೇ ಕಾರ್ಡಿನಲ್ಲಿ 65ರ ಲೆಕ್ಕ ಬಂತು. ಕಾರ್ಡಿನಿಂದ ಅದು ರಿಜಿಸ್ಟರಿಗೆ ಇಳಿಯಿತು. ಈಗ ಸರ್ಕಾರದ ಕಡತದ ಪ್ರಕಾರ ಅವರು ಹೆಚ್ಚುಕಡಿಮೆ ತುಂಬು ಬದುಕು ಬಾಳಿ ಹೋದವರು. ಬಡತನ ಕಿತ್ತುಕೊಂಡ 13 ವರ್ಷಗಳನ್ನು ಕಾಗದ ಅವರ ಲೆಕ್ಕಕ್ಕೇ ಜಮಾ ಮಾಡಿತು.

33 ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಆ ಅವಧಿಯ ಹೆಚ್ಚಿನ ಪಾಲು ಹಾಡಿಗಳ ಉಪಕೇಂದ್ರದಲ್ಲೇ ಕಳೆಯಿತು. ಈ ಪತ್ರದಲ್ಲಿ ಆಸ್ಪತ್ರೆ ಕಟ್ಟಿಸಿ, ಆಂಬುಲೆನ್ಸ್ ಕೊಡಿ ಎಂದು ಕೇಳುವವರ ಸಾಲಿನಲ್ಲಿ ನಾನು ನಿಂತಿಲ್ಲ. ಅವೂ ಬೇಕು, ಅವನ್ನು ಕೇಳುವವರು ಇದ್ದಾರೆ. ನಾನು ಕೇಳುವುದು ಒಂದೇ: ನಮ್ಮ ರಾಜ್ಯದ ಆದಿವಾಸಿಗಳು ಎಷ್ಟು ವರ್ಷ ಬದುಕುತ್ತಾರೆ ಎಂಬುದನ್ನು ಎಣಿಸಿ, ಸಮುದಾಯವಾರು ಎಣಿಸಿ, ಪ್ರತಿ ವರ್ಷ ವಿಧಾನಮಂಡಲದ ಮುಂದೆ ಇಡಿ.

ಲೆಕ್ಕ ಇದೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇರುವುದು ಏನೆಂದು ನೋಡೋಣ. ಡಾ. ಅಭಯ್ ಬಂಗ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2018ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ದೇಶದ ಬುಡಕಟ್ಟು ಜನರ ಆರೋಗ್ಯವನ್ನು ಅಷ್ಟು ವಿಸ್ತಾರವಾಗಿ ಒಂದೆಡೆ ಕಟ್ಟಿಕೊಟ್ಟ ಮೊದಲ ವರದಿ ಅದು. ಬುಡಕಟ್ಟು ಜನರ ಸರಾಸರಿ ಆಯಸ್ಸು 63.9 ವರ್ಷ, ಉಳಿದವರದು 67 ಎಂಬ ಅಂದಾಜನ್ನು ಅದು ಉಲ್ಲೇಖಿಸಿತು. ಶ್ವಾಸಕೋಶದ ಕ್ಷಯ ಬುಡಕಟ್ಟು ಜನರಲ್ಲಿ ಲಕ್ಷಕ್ಕೆ 703, ಉಳಿದವರಲ್ಲಿ 256 ಎಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತನ್ನು ನೋಡಿದರೆ, ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಐದು ವರ್ಷ ತುಂಬುವ ಮುನ್ನ ಸಾಯುವವರು 50ಕ್ಕಿಂತ ಹೆಚ್ಚು. ಇಡೀ ದೇಶದ ಸರಾಸರಿ 42ರ ಹತ್ತಿರ. ಇವೆಲ್ಲ ದೇಶದ ಲೆಕ್ಕಗಳು. ಆಯಸ್ಸಿನ ಅಂಕಿಯಂತೂ ಅಂದಾಜು, ಏಕೆಂದರೆ ಆಯ್ದ ಊರುಗಳಲ್ಲಿ ಹುಟ್ಟು-ಸಾವು ಎಣಿಸುವ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯಿಂದ ಪ್ರಕಟವಾಗುವ ಆಯಸ್ಸಿನ ಕೋಷ್ಟಕಗಳು ಗಂಡು-ಹೆಣ್ಣು, ಹಳ್ಳಿ-ಪಟ್ಟಣ, ರಾಜ್ಯ ಎಂದು ವಿಂಗಡವಾಗುತ್ತವೆಯೇ ಹೊರತು ಬುಡಕಟ್ಟು ಎಂದಲ್ಲ.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಮುಸುಕು ಇದೆ. ನಾನು ಅತ್ಯಂತ ಒತ್ತಿ ಹೇಳಬೇಕಾದ ಮಾತು ಇದೇ. 2011ರ ಜನಗಣತಿಯಂತೆ ನಮ್ಮಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ. ಅವರಲ್ಲಿ ನಾಯಕ ಸಮುದಾಯದವರೇ ಸುಮಾರು 33 ಲಕ್ಷ, ಅಂದರೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು. ಅವರ ಕಷ್ಟಗಳು ಅವರಿಗಿವೆ, ಅವರ ಹಕ್ಕಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಊರು-ಪೇಟೆಗಳಲ್ಲಿ ಹರಡಿರುವ 33 ಲಕ್ಷ ಜನರ ಜೊತೆ ಕಾಡಂಚಿನ 36 ಸಾವಿರ ಜೇನುಕುರುಬರನ್ನು, 34 ಸಾವಿರದಷ್ಟಿರುವ ಸೋಲಿಗರನ್ನು, 30 ಸಾವಿರದಷ್ಟಿರುವ ಯರವರನ್ನು, 15 ಸಾವಿರಕ್ಕಿಂತ ಕಡಿಮೆ ಉಳಿದಿರುವ ಕೊರಗರನ್ನು ಒಂದೇ ಸರಾಸರಿಗೆ ಹಾಕಿದರೆ ಏನು ಕಾಣುತ್ತದೆ? ಏನೂ ಕಾಣುವುದಿಲ್ಲ. ಹಾಡಿಯ ಸಾವುಗಳು ಹೊಳೆಗೆ ಹಾಕಿದ ಹುಣಸೆಹಣ್ಣಾಗುತ್ತವೆ. ರಾಜ್ಯದ ಪರಿಶಿಷ್ಟ ಪಂಗಡದ ಸರಾಸರಿ ಸುಧಾರಿಸಿದೆ ಎಂದು ಯಾರಾದರೂ ನಿಮ್ಮ ಮೇಜಿನ ಮೇಲೆ ಒಂದು ತಖ್ತೆ ಇಟ್ಟರೆ, ಅದರಲ್ಲಿ ಜೇನುಕುರುಬರ ಒಂದು ಮಗುವೂ ಕಾಣಿಸುವುದಿಲ್ಲ.

ಮರಣ ವರದಿಯ ನಮೂನೆಯನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ಓದಿದ್ದೀರಾ? ಸತ್ತವರ ಧರ್ಮ ಯಾವುದು ಎಂದು ಅದು ಕೇಳುತ್ತದೆ. ಉದ್ಯೋಗ ಕೇಳುತ್ತದೆ. ಬೀಡಿ ಸೇದುತ್ತಿದ್ದರೆ ಎಷ್ಟು ವರ್ಷದಿಂದ, ಹೊಗೆಸೊಪ್ಪು ಜಗಿಯುತ್ತಿದ್ದರೆ ಎಷ್ಟು ವರ್ಷದಿಂದ, ಅಡಿಕೆ ಎಷ್ಟು ವರ್ಷದಿಂದ, ಮದ್ಯ ಎಷ್ಟು ವರ್ಷದಿಂದ ಎಂದು ಬೇರೆ ಬೇರೆಯಾಗಿ ಕೇಳುತ್ತದೆ. ಆ ಸಾಲುಗಳನ್ನು ತುಂಬಿಸುವಾಗ ಪ್ರತಿ ಸಲವೂ ನನಗೆ ಒಂದು ಬಗೆಯ ಸಂಕಟವಾಗುತ್ತಿತ್ತು. ಚಟದ ಲೆಕ್ಕವೆಲ್ಲ ಬೇಕು, ಆದರೆ ಸತ್ತವರು ಜೇನುಕುರುಬರೋ ಸೋಲಿಗರೋ ಕೊರಗರೋ ಎಂದು ಕೇಳುವ ಸಾಲು ಮಾತ್ರ ಇಲ್ಲ.

ಅದೂ ನೋಂದಣಿ ಆದರೆ ಮಾತು. ಕಾನೂನಿನ ಪ್ರಕಾರ 21 ದಿನದೊಳಗೆ ಸಾವನ್ನು ವರದಿ ಮಾಡಬೇಕು. ನಮ್ಮಲ್ಲಿ ಮರಣ ಪ್ರಮಾಣಪತ್ರವನ್ನು ಯಾರು ಓಡಾಡಿ ಮಾಡಿಸುತ್ತಾರೆ ಹೇಳಿ. ಪಹಣಿಯಲ್ಲಿ ಹೆಸರು ಬದಲಿಸಬೇಕಾದವರು, ಬ್ಯಾಂಕಿನ ಹಣ ಬಿಡಿಸಬೇಕಾದವರು, ವಿಮೆ ಪಡೆಯಬೇಕಾದವರು, ಪಿಂಚಣಿ ವರ್ಗಾವಣೆ ಆಗಬೇಕಾದವರು. ಹಾಡಿಯಲ್ಲಿ ಸತ್ತವನ ಹೆಸರಿನಲ್ಲಿ ಭೂಮಿ ಇರುವುದಿಲ್ಲ, ವಿಮೆ ಇರುವುದಿಲ್ಲ. ಪ್ರಮಾಣಪತ್ರ ತಂದು ಏನು ಮಾಡಬೇಕು? ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ, ಕಚೇರಿಯ ಬಾಗಿಲಲ್ಲಿ ನಿಂತು ಅದನ್ನು ತರುವುದರಲ್ಲಿ ಅವರಿಗೆ ಅರ್ಥವಿಲ್ಲ. ಹೀಗಾಗಿ ಆಸ್ತಿ ಬಿಟ್ಟು ಹೋದವರ ಸಾವು ಲೆಕ್ಕಕ್ಕೆ ಸಿಗುತ್ತದೆ. ಏನೂ ಬಿಟ್ಟು ಹೋಗದವರು ಲೆಕ್ಕವನ್ನೂ ಬಿಟ್ಟೇ ಹೋಗುತ್ತಾರೆ. ಹುಟ್ಟಿ ವಾರದೊಳಗೆ ಸತ್ತ ಮಕ್ಕಳ ಬಗ್ಗೆ ಹೇಳುವುದೇ ಬೇಡ. ಅವುಗಳಿಗೆ ಹುಟ್ಟಿದ ದಾಖಲೆಯೂ ಇಲ್ಲ, ಸತ್ತ ದಾಖಲೆಯೂ ಇಲ್ಲ. ತಾಯಿಯ ಮೈಯಲ್ಲಿ ಇಳಿಯದ ಹಾಲಷ್ಟೇ ಅವು ಬಂದು ಹೋದದ್ದಕ್ಕೆ ಸಾಕ್ಷಿ.

ಎಣಿಕೆಯಿಂದ ಏನಾಗುತ್ತದೆ ಎಂದು ಕೇಳಬಹುದು. ಆಸ್ಟ್ರೇಲಿಯಾದ ಉದಾಹರಣೆ ಕೊಡುತ್ತೇನೆ. ಆ ದೇಶದ ಸಂವಿಧಾನದಲ್ಲಿ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಿಕೊಳ್ಳಬಾರದು ಎಂಬ ವಿಧಿಯೇ ಇತ್ತು. 1967ರ ಜನಮತಗಣನೆಯಲ್ಲಿ ಅದನ್ನು ಕಿತ್ತು ಹಾಕಿದರು. ಇಂದು ಅಲ್ಲಿ ಮರಣ ನೋಂದಣಿಯಲ್ಲಿ ಸತ್ತವರು ಮೂಲನಿವಾಸಿಯೇ ಎಂದು ಕೇಳುತ್ತಾರೆ. ಆ ದಾಖಲೆಯನ್ನು ಜನಗಣತಿಯ ಜೊತೆ ತಾಳೆ ನೋಡಿ ತಪ್ಪು ತಿದ್ದುತ್ತಾರೆ. 2020ರಿಂದ 2022ರ ಅವಧಿಯಲ್ಲಿ ಅಲ್ಲಿನ ಮೂಲನಿವಾಸಿ ಗಂಡಸರ ಆಯಸ್ಸು 71.9, ಹೆಂಗಸರದು 75.6. ಉಳಿದವರಿಗಿಂತ ಗಂಡಸರು 8.8 ವರ್ಷ, ಹೆಂಗಸರು 8.1 ವರ್ಷ ಕಡಿಮೆ ಬದುಕುತ್ತಾರೆ. 2031ರೊಳಗೆ ಈ ಅಂತರವನ್ನು ಮುಚ್ಚಬೇಕು ಎಂದು ಸರ್ಕಾರ ಬರೆದು ಒಪ್ಪಿಕೊಂಡಿದೆ. ಅಂತರ ಮುಚ್ಚಿದೆಯೇ ಎಂದರೆ ಇಲ್ಲ. ಎಣಿಸಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ, ಅದನ್ನು ನಾನು ಬಲ್ಲೆ. ಆದರೆ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಎದ್ದು ನಿಂತು ಈ ಅಂತರದ ಬಗ್ಗೆ ಉತ್ತರ ಹೇಳಬೇಕಾಗುತ್ತದೆ. ಗುರಿ ತಪ್ಪಿದರೆ ತಪ್ಪಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ತಪ್ಪುವುದಕ್ಕೆ ಗುರಿಯೇ ಇಲ್ಲ. ಜೇನುಕುರುಬರು ಎಷ್ಟು ವರ್ಷ ಬದುಕುತ್ತಾರೆ ಎಂದು ಸದನದಲ್ಲಿ ಯಾರಾದರೂ ಕೇಳಿದರೆ ಯಾವ ಕಡತ ತೆರೆದು ಓದುತ್ತೀರಿ?

ಎಣಿಸದಿದ್ದರೆ ರೋಗ ಎಷ್ಟು ಕಾಲ ಕಣ್ಣಿಗೆ ಬೀಳದೆ ಇರುತ್ತದೆ ಎಂಬುದಕ್ಕೆ ನಾನೇ ನೋಡಿದ ಒಂದು ಸಂಗತಿ ಹೇಳುತ್ತೇನೆ. ಹಾಡಿಯಲ್ಲಿ ಒಬ್ಬ ಹುಡುಗನಿದ್ದ. ಮಳೆ ಹಿಡಿದು ಚಳಿ ಶುರುವಾದರೆ ಅವನಿಗೆ ಮೂಳೆ ನೋವು ಬರುತ್ತಿತ್ತು. ಮೊಣಕಾಲು, ಬೆನ್ನು, ಎದೆಗೂಡು. ಹಲ್ಲು ಕಚ್ಚಿಕೊಂಡು ಗುಡಿಸಲಿನ ಗಳುವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದ. ಅವನು ಹಿಡಿಯುತ್ತಿದ್ದ ಕಡೆ ಆ ಗಳು ನುಣುಪಾಗಿ ಹೊಳೆಯುತ್ತಿತ್ತು. ನೋವಿನ ಸೂಜಿ ಕೊಡುತ್ತಿದ್ದೆವು, ಕಬ್ಬಿಣದ ಮಾತ್ರೆ ಕೊಡುತ್ತಿದ್ದೆವು, ಸರಿಯಾಗಿ ಊಟ ಕೊಡಿ ಎಂದು ತಾಯಿಗೆ ಬುದ್ಧಿ ಹೇಳುತ್ತಿದ್ದೆವು. ಕರೆದುಕೊಂಡು ಹೋದ ಒಂದು ಆಸ್ಪತ್ರೆಯಲ್ಲಿ ಶಾಲೆಗೆ ಹೋಗಲು ಮನಸ್ಸಿಲ್ಲದೆ ನಾಟಕ ಆಡುತ್ತಾನೆ ಎಂದು ಕಳಿಸಿದರು. ಆಮೇಲೆ ಯಾವುದೋ ಶಿಬಿರದಲ್ಲಿ ರಕ್ತ ಪರೀಕ್ಷೆಯಾಗಿ ಸಿಕಲ್ ಸೆಲ್ ಎಂದು ಗೊತ್ತಾಯಿತು. ಆರೋಗ್ಯವಂತರ ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಈ ರೋಗದಲ್ಲಿ ಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, 10-20 ದಿನಗಳಲ್ಲೇ ಒಡೆದು ಹೋಗುತ್ತದೆ. ಅವನ ನೋವು ನಾಟಕವಾಗಿರಲಿಲ್ಲ. ನಾನೂ ಅಷ್ಟು ವರ್ಷ ಅವನ ತಾಯಿಗೆ ಬೈದಿದ್ದೆ. ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಕಣಗಳು ಪತ್ತೆಯಾದದ್ದು 1952ರಲ್ಲಿ. ನೀಲಗಿರಿ ನಮ್ಮ ಕಾಡಿಗೆ ಹೊರಗಿನ ಸೀಮೆಯಲ್ಲ, ಬಂಡೀಪುರ ದಾಟಿದರೆ ಸಿಗುವ ಬೆಟ್ಟ. ಸಿಕಲ್ ಸೆಲ್ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು. ನಡುವೆ 71 ವರ್ಷ. ಆ 71 ವರ್ಷಗಳಲ್ಲಿ ಈ ರೋಗದಿಂದ ಸತ್ತ ನಮ್ಮ ಮಕ್ಕಳ ಸಾವಿಗೆ ಜ್ವರ, ರಕ್ತಹೀನತೆ, ಗಾಳಿ ಸೋಂಕು ಎಂದು ಏನೇನೋ ಕಾರಣ ಸಿಕ್ಕಿತು. ಈಗ ಪರೀಕ್ಷೆ ಆಗುತ್ತಿದೆ, ಕಾರ್ಡು ಕೊಡುತ್ತಿದ್ದಾರೆ, ಒಳ್ಳೆಯದು. ಆದರೆ ಕಾರ್ಡಿನ ಹಿಂದೆ, ಈ ನೋವು ಮರುಕಳಿಸುವುದನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ತಿಂಗಳು ತಪ್ಪದೆ ಹಾಡಿಗೆ ಬರಬೇಕು. ಎಷ್ಟು ಜನರನ್ನು ಪರೀಕ್ಷಿಸಿದೆವು ಎಂಬ ಲೆಕ್ಕದ ಜೊತೆಗೆ, ರೋಗ ಪತ್ತೆಯಾದವರಲ್ಲಿ ಎಷ್ಟು ಜನ ಬದುಕಿದ್ದಾರೆ ಎಂಬ ಲೆಕ್ಕವನ್ನೂ ಕೊಡಿ.

ದೂರ ಇರುವುದರಿಂದ ಹೀಗೆ ಎನ್ನುವವರಿಗೆ ಕರಾವಳಿಯ ಕಡೆ ನೋಡಲು ಹೇಳುತ್ತೇನೆ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಹೊರ ರಾಜ್ಯಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. ಆ ಆಸ್ಪತ್ರೆಗಳ ನೆರಳಿನಲ್ಲೇ ಕೊರಗರ ಕೊಪ್ಪಗಳಿವೆ, ತಮ್ಮ ಸಂಖ್ಯೆ ಕರಗುತ್ತಿದೆ ಎಂದು ಅವರ ಮುಖಂಡರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಅಜಲು ಪದ್ಧತಿಯ ಹೆಸರಿನಲ್ಲಿ ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದ ಸಮಾಜ ನಮ್ಮದು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನು ತರಬೇಕಾಯಿತು. ತನ್ನ ರೋಗವನ್ನು ಇನ್ನೊಬ್ಬರ ತಟ್ಟೆಗೆ ಹಾಕಿ ಕಳೆದುಕೊಳ್ಳಬಹುದು ಎಂದು ನಂಬಿದ್ದ ಊರಿನಲ್ಲಿ, ಆ ತಟ್ಟೆ ಹಿಡಿದವರ ಮೊಮ್ಮಕ್ಕಳು ಆಸ್ಪತ್ರೆಯ ಕೌಂಟರಿನ ಮುಂದೆ ನೆಟ್ಟಗೆ ನಿಂತು ಮಾತನಾಡಲು ಎಷ್ಟು ಧೈರ್ಯ ಬೇಕು ಎಂದು ಕಿಲೋಮೀಟರಿನಲ್ಲಿ ಅಳೆಯಲಾಗದು.

ಕಾಡಿನ ಮಾತನ್ನು ಬಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ನಾಗರಹೊಳೆಯಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳನ್ನು ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಗುರುತಿಸಿ, 2014ರಲ್ಲಿ ವರದಿ ಕೊಟ್ಟಿತು. ಕಾಡಿನಲ್ಲಿದ್ದಾಗ ಅವರ ತಟ್ಟೆಯಲ್ಲಿ ಗೆಣಸು, ಕಳಲೆ, ಹತ್ತಾರು ಬಗೆಯ ಸೊಪ್ಪು, ಜೇನು, ಹೊಳೆ ಮೀನು ಇರುತ್ತಿತ್ತು. ಹೊರಗೆ ಬಂದ ಮೇಲೆ ಪಡಿತರದ ಅಕ್ಕಿ, ತಿಳಿ ಸಾರು. ಕೆಲಸ ಹುಡುಕಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿ ಲೈನ್‌ಮನೆ ಸೇರಿದವರಿಗೆ ಇತ್ತ ಹಾಡಿಯ ಅಂಗನವಾಡಿಯೂ ಇಲ್ಲ, ಅತ್ತ ತೋಟದ ಊರಿನ ಪಟ್ಟಿಯಲ್ಲಿ ಹೆಸರೂ ಇಲ್ಲ. ಗರ್ಭಿಣಿಯೊಬ್ಬಳು ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ ಇದ್ದರೆ ತಾಯಿ ಕಾರ್ಡಿನ ಅರ್ಧ ಮನೆಗಳು ಖಾಲಿ. ಆ ಕಾರ್ಡು ನೋಡಿ ಮೇಲಧಿಕಾರಿ ನಮ್ಮನ್ನು ಬೈಯುತ್ತಿದ್ದರು, ನಾವು ಅವಳನ್ನು ಬೈಯುತ್ತಿದ್ದೆವು. ಬೈಗುಳವೊಂದು ಮಾತ್ರ ಸರಪಳಿ ತಪ್ಪದೆ ಹಾಡಿಗೆ ತಲುಪುತ್ತಿತ್ತು.

ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತರಬೇತುಗೊಳಿಸಿತು. ಅದೇ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ದೇಶದಲ್ಲೇ ಅದು ಮೊದಲು. ಮಾಡಿದರೆ ಆಗುತ್ತದೆ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 1000 ಜನಸಂಖ್ಯೆಗೆ ಕಾಯದೆ ಪ್ರತಿ ವಾಸಸ್ಥಾನಕ್ಕೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಕೊಡಬಹುದು ಎಂದು ನಿಯಮವೇ ಹೇಳುತ್ತದೆ. ಆ ಹಾಡಿಯ ಹೆಣ್ಣುಮಗಳನ್ನೇ ಆಶಾ ಮಾಡಿ. ಅವಳಿಗೆ ಓದು ಕಡಿಮೆ ಎಂದು ಕೈಬಿಡಬೇಡಿ, ಓದಿದ ನಾವು ಅಲ್ಲಿ ಏನು ಕಡಿದು ಕಟ್ಟೆ ಹಾಕಿದೆವು ಎಂಬುದನ್ನು ಮೇಲೆ ಬರೆದಿದ್ದೇನೆ. ಹುಟ್ಟು-ಸಾವು ಎರಡನ್ನೂ ಅವಳು ಅದೇ ದಿನ ಹೇಳುವಂತಿರಲಿ, ಪ್ರತಿ ವರದಿಗೂ ಗೌರವಧನ ಇರಲಿ. ನೋಂದಣಿ ಮಾಡುವವರು ಹಾಡಿಗೆ ಬರಲಿ, ಹಾಡಿಯವರು ಕಚೇರಿಗೆ ಅಲೆಯುವುದು ಬೇಡ. ಮರಣ ವರದಿಯ ನಮೂನೆಯಲ್ಲಿ ಸಮುದಾಯದ ಹೆಸರಿಗೆ ಒಂದು ಸಾಲು ಸೇರಿಸಿ. ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕೆಂದರೆ, ಅದು ಬರುವವರೆಗೆ ಆದಿವಾಸಿ ತಾಲ್ಲೂಕುಗಳಲ್ಲಿ ಒಂದು ಜೋಡಿ ಹಾಳೆ ಲಗತ್ತಿಸಿ. ಮತ್ತು ವಯಸ್ಸನ್ನು ಕಾರ್ಡಿನಿಂದ ನಕಲು ಮಾಡಿ ಮುಗಿಸಬೇಡಿ. ಅಣೆಕಟ್ಟು ತುಂಬಿದ ವರ್ಷ, ಹಾಡಿ ಎಬ್ಬಿಸಿದ ವರ್ಷ, ಬಿದಿರು ಹೂ ಬಿಟ್ಟ ವರ್ಷ, ಮೊದಲ ಮಗು ಹುಟ್ಟಿದ ವರ್ಷ ಕೇಳಿ ಲೆಕ್ಕ ಹಾಕಿ. ಅವರಿಗೆ ತಮ್ಮ ವಯಸ್ಸು ಚೆನ್ನಾಗಿ ಗೊತ್ತಿದೆ. ಅದನ್ನು ಹೇಗೆ ಕೇಳಬೇಕು ಎಂಬುದು ನಮಗೆ ಗೊತ್ತಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ಲೆಕ್ಕ ಹಾಡಿಯವರ ಕೈಗೂ ಬರಬೇಕು. ರಕ್ತ ತೆಗೆದುಕೊಂಡು ಹೋದವರು, ತಲೆ ಅಳೆದವರು, ಫೋಟೋ ತೆಗೆದವರು, ಪ್ರಶ್ನಾವಳಿ ತುಂಬಿಸಿಕೊಂಡವರು ಎಷ್ಟೋ ಜನ ಬಂದು ಹೋಗಿದ್ದಾರೆ. ಏನು ಸಿಕ್ಕಿತು ಎಂದು ಹಿಂದಿರುಗಿ ಬಂದು ಹೇಳಿದವರನ್ನು ನಾನು ಕಾಣೆ. ಗ್ರಾಮಸಭೆಯಲ್ಲಿ ಅದನ್ನು ಅವರ ಮುಂದೆ ಓದಿ. ನಿಮ್ಮ ಹಾಡಿಯಲ್ಲಿ ಈ ವರ್ಷ ಇಷ್ಟು ಜನ, ಇಷ್ಟಿಷ್ಟು ವಯಸ್ಸಿಗೆ, ಇಂಥ ಕಾರಣಕ್ಕೆ ಹೋದರು ಎಂದು. ಯಾಕೆ ಎಂದು ಅವರೇ ಕೇಳುತ್ತಾರೆ.

ನನ್ನ ಬಳಿ ಮೂರು ನೋಟ್ ಪುಸ್ತಕಗಳಿವೆ. ಕೆಲಸದ ರಿಜಿಸ್ಟರಿನ ಹೊರತಾಗಿ, ಯಾರೂ ಕೇಳದಿದ್ದರೂ ನಾನೇ ಬರೆದುಕೊಂಡದ್ದು. ನನ್ನ ಉಪಕೇಂದ್ರದ ಹಾಡಿಗಳಲ್ಲಿ ಆದ ಸಾವುಗಳು ಅದರಲ್ಲಿವೆ. ಎಡಗಡೆ ಕಾರ್ಡಿನ ವಯಸ್ಸು, ಬಲಗಡೆ ಕೂತು ಮಾತನಾಡಿ ಲೆಕ್ಕ ಹಾಕಿದ ವಯಸ್ಸು. 60 ದಾಟಿದವರು ಬಲಗಡೆಯ ಸಾಲಿನಲ್ಲಿ ಹುಡುಕಿದರೆ ಅಲ್ಲೊಬ್ಬರು ಇಲ್ಲೊಬ್ಬರು. ಒಂದು ಪುಸ್ತಕದ ಅಂಚು ಮಳೆಯಲ್ಲಿ ನೆನೆದು ಶಾಯಿ ಹರಡಿದೆ, ಆದರೆ ಓದಲು ಬರುತ್ತದೆ. ಹೆಸರುಗಳನ್ನು ಮುಚ್ಚಿ, ಆ ಕುಟುಂಬಗಳ ಒಪ್ಪಿಗೆ ಪಡೆದು ನಿಮ್ಮ ಇಲಾಖೆ ಬಳಸುವುದಾದರೆ ಕೊಡಲು ಸಿದ್ಧಳಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ಯಾರಾದರೂ ಬರಬೇಕು, ಹಾಡಿಗೇ ಬರಬೇಕು. ನಾನು ಜೊತೆಗೆ ಬಂದು ಪುಟ ಪುಟವನ್ನೂ ಓದಿ ಹೇಳುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ